ವೈರಾಗ್ಯ ತೊಟ್ಟ ಬೈಕು

ಹೊಳೆದಂಡೆಯ ಮಠದಲ್ಲಿ ಇದ್ದವರು ಇಬ್ಬರೇ. ಎಲ್ಲರೂ ಅಜ್ಜಾರು ಎನ್ನುತ್ತಿದ್ದ ವಯಸ್ಸಾದ ಗುರುಗಳು, ಮತ್ತು ಅವರು ಹೇಳಿದ್ದನ್ನು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಪಾಲಿಸುತ್ತಿದ್ದ ಶಿಷ್ಯ ರೇವಯ್ಯ.

ಒಂದು ದಿನ ಅಜ್ಜಾರು, ಹೊಳೆಯಾಚೆಯ ಮಂದಿಗೆ ಹೊತ್ತಿಗಾಗುವ ಹಾಗೆ ಒಂದು ಹಳೇ ಬೈಕು ತಂದಿಡು ಎಂದರು. ಯಾರಿಗೆ, ಯಾವಾಗ ಎಂದು ಅವರು ಹೇಳಲಿಲ್ಲ, ಇವನು ಕೇಳಲೂ ಇಲ್ಲ.

ರೇವಯ್ಯ ಪಟ್ಟಣಕ್ಕೆ ಹೋಗಿ, ಕೆಲಸದಿಂದ ನಿವೃತ್ತರಾದ ಒಬ್ಬ ಪೋಸ್ಟ್‌ಮಾಸ್ತರರ ಗಾಡಿ ಕೊಂಡು ತಂದ. ಕೊಡುವಾಗ ಮಾಸ್ತರರ ಹೆಂಡತಿ ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡ್ ತೋರಿಸಿದರು. ಇದರ ಮೇಲೆ ಇಪ್ಪತ್ತು ವರ್ಷ ಕಾಲಿಟ್ಟು ಕೂತಿದ್ದೇನೆ, ನೋಡು ಹೇಗೆ ಸವೆದಿದೆ ಎಂದು ಕಣ್ಣು ಒರೆಸಿಕೊಂಡರು. ರೇವಯ್ಯನಿಗೆ ಅದರಲ್ಲಿ ತುಕ್ಕು ಮಾತ್ರ ಕಂಡಿತು.

ಆ ವಾರವೆಲ್ಲ ಸಂಜೆ ಅಜ್ಜಾರು ಭಕ್ತರಿಗೆ ಹೇಳುತ್ತಿದ್ದದ್ದು ಒಂದೇ ಮಾತು.

"ಬ್ಯಾಡಾದದ್ದು ಬಿಡ್ರಿ. ಹಗುರ ಆಗ್ರಿ."

ರೇವಯ್ಯ ನಟ್ಟು ಬಿಚ್ಚುವ ಪಾನಾ ಹಿಡಿದು ಗಾಡಿಯ ಮುಂದೆ ಕೂತ. ಎಂಟು ದಿನ ದನದ ಕೊಟ್ಟಿಗೆಯಿಂದ ಬರೀ ಕುಟ್ಟುವ ಸದ್ದು. ಒಂಬತ್ತನೇ ದಿನ ಬೆಳಿಗ್ಗೆ ಬೈಕನ್ನು ಅಂಗಳಕ್ಕೆ ತಳ್ಳಿಕೊಂಡು ಬಂದ.

ಅಜ್ಜಾರು ದಂಗಾಗಿ ನಿಂತರು. ಗಾಡಿಗೆ ಮೇಲಿಂದ ಕೆಳಗಿನವರೆಗೂ ಕಾವಿ ಬಣ್ಣ ಬಳಿದಿತ್ತು. ಹ್ಯಾಂಡಲ್ಲು ಬೋಳು ಬೋಳಾಗಿತ್ತು.

"ಕನ್ನಡಿ ಎಲ್ಲಿ?"

"ಬಿಚ್ಚೀನ್ರಿ ಅಜ್ಜಾರ. ಸನ್ಯಾಸಿ ಆದವ ತನ್ನ ಮಾರಿ ತಾ ನೋಡ್ಕೋಬಾರ್ದು."

"ಹಾರ್ನು?"

"ಮೌನ ರೀ."

ಅಜ್ಜಾರಿಗೆ ನಗೆ ತುಟಿಯವರೆಗೂ ಬಂದಿತ್ತು. ಆಮೇಲೆ ಅವರ ಕಣ್ಣು ಹಿಂದಿನ ಚಕ್ರದ ಮೇಲೆ ಬಿತ್ತು. ಕಡ್ಡಿಗಳು ಬತ್ತಲೆಯಾಗಿ ಹೊಳೆಯುತ್ತಿದ್ದವು.

"ಸೀರಿ ಗಾರ್ಡ್?"

ಈ ಪ್ರಶ್ನೆಗೇ ಕಾಯುತ್ತಿದ್ದವನಂತೆ ರೇವಯ್ಯ ಎದೆಯುಬ್ಬಿಸಿದ. "ಮಠದ ಗಾಡಿಗೆ ಹೆಣ್ಮಕ್ಕಳ ಸಾಮಾನ ಯಾಕ್ರಿ ಅಜ್ಜಾರ? ಅಷ್ಟೂ ಹೊಳಿಗೆ ಬಿಟ್ಟು, ಜಳಕಾ ಮಾಡಿ ಬಂದೀನಿ."

ಅಜ್ಜಾರ ನಗೆ ಅಲ್ಲೇ ಆರಿತು. ಅವರು ಏನಾದರೂ ಅನ್ನುವ ಮೊದಲೇ ಅಂಗಳಕ್ಕೆ ನೀಲವ್ವ ಏದುಸಿರು ಬಿಡುತ್ತ ಬಂದಳು.

ನೀಲವ್ವ ಸುತ್ತಲಿನ ಹತ್ತು ಊರಿಗೆ ಸೂಲಗಿತ್ತಿ. ಮೊಣಕಾಲು ಸೋತ ಮುದುಕಿ. ಹೊಳೆಯಾಚೆಯ ಹಟ್ಟಿಯಲ್ಲಿ ಭಾಗವ್ವ ಎಂಬ ಹುಡುಗಿಗೆ ದಿನ ತುಂಬುವ ಮೊದಲೇ ಹೆರಿಗೆ ಬ್ಯಾನಿ ಕಾಣಿಸಿಕೊಂಡಿದೆ ಎಂದು ಫೋನು ಬಂದಿತ್ತಂತೆ. ದವಾಖಾನೆಯ ಗಾಡಿ ತಾಲೂಕಿನಿಂದ ಬರಲು ಎರಡು ತಾಸು ಬೇಕು. ಹೋದ ಸಲ ಆ ಹುಡುಗಿಯ ಕೂಸು ಉಳಿದಿರಲಿಲ್ಲ.

"ಆಗ ಆಕೀನ್ನ ಹೆರಿಸಿದಾಕಿನೂ ನಾನ ರೀ ಅಜ್ಜಾರ," ಎಂದಳು ನೀಲವ್ವ. "ಹೆಂಗಾರ ಮಾಡಿ ನನ್ನ ಅಲ್ಲಿಗೆ ಮುಟ್ಟಸ್ರಿ."

ಹೊಳೆಯಾಚೆಯ ಮಂದಿ ಅಂದರೆ ಯಾರು ಎಂದು ರೇವಯ್ಯನಿಗೆ ಆಗ ಹೊಳೆಯಿತು. ಮುದುಕಿಗೆ ಕಾಲು ಅಗಲಿಸಿ ಕೂರಲಾಗದು, ಒಂದೇ ಬದಿಗೆ ಕೂರಬೇಕು. ಅವಳ ಸೆರಗು ಮೊಣಕಾಲಿನವರೆಗೆ ಇಳಿಬಿದ್ದಿತ್ತು.

ಆದರೂ ಅವನು ತಪ್ಪು ಒಪ್ಪಿಕೊಳ್ಳಲಿಲ್ಲ. ಮನುಷ್ಯ ಅಷ್ಟು ಬೇಗ ಒಪ್ಪುವುದಿಲ್ಲ.

"ಸೆರಗು ಬಿಗಿ ಸುತ್ಕೊಂಡು ಕುಂಡ್ರಲಿ ರೀ ಅಜ್ಜಾರ. ನಾ ನಿಧಾನ ಹೊಡೀತೀನಿ."

"ನಿಧಾನ ಅಂದ್ರ ಎಷ್ಟು? ಸ್ಟ್ಯಾಂಡ್ ಹಾಕಿ ತೋರ್ಸು."

ರೇವಯ್ಯ ನಡುವಿನ ಸ್ಟ್ಯಾಂಡ್ ಹಾಕಿ, ಗಾಡಿ ಚಾಲೂ ಮಾಡಿ, ಮೊದಲನೇ ಗೇರಿಗೆ ತಂದ. ನೆಲ ಬಿಟ್ಟ ಹಿಂದಿನ ಚಕ್ರ ಮೆಲ್ಲಗೆ ತಿರುಗತೊಡಗಿತು.

ಅಜ್ಜಾರ ಹೆಗಲ ಮೇಲೆ ಒಂದು ಕಾವಿ ಶಲ್ಯವಿತ್ತು. ಅದು ಅವರ ಗುರುಗಳು ದೀಕ್ಷೆಯ ದಿನ ಹೊದಿಸಿದ್ದು. ರೇವಯ್ಯ ಅದನ್ನು ಬೇರೆ ಬಟ್ಟೆಯ ಜೊತೆ ಒಗೆಯುತ್ತಿರಲಿಲ್ಲ, ನೆಲಕ್ಕೆ ತಾಗಗೊಡುತ್ತಿರಲಿಲ್ಲ.

ಅಜ್ಜಾರು ಬಗ್ಗಿ, ಆ ಶಲ್ಯದ ಅಂಚನ್ನು ಚಕ್ರದ ಹತ್ತಿರ ಇಳಿಬಿಟ್ಟರು.

ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಹೋಯಿತು. ಅಜ್ಜಾರ ತೋಳು ಜಗ್ಗಿತು, ಅವರು ಒಂದು ಹೆಜ್ಜೆ ಮುಂದಕ್ಕೆ ಮುಗ್ಗರಿಸಿ ಕೈಬಿಟ್ಟರು. ಬಟ್ಟೆ ಪರ್ ಎಂದು ಹರಿಯಿತು, ಚಕ್ರ ಕಚ್ಚಿಕೊಂಡು ನಿಂತಿತು, ಇಂಜಿನ್ನು ಆರಿತು.

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಎಣ್ಣೆ ಮೆತ್ತಿ, ಹಗ್ಗದ ಹಾಗೆ ಸುತ್ತಿಕೊಂಡಿದ್ದ ಶಲ್ಯವನ್ನು ನೋಡಿ ರೇವಯ್ಯನಿಗೆ ಅಳು ಬಂತು.

"ಅಜ್ಜಾರ, ದೊಡ್ಡ ಗುರುಗಳ ಶಲ್ಯಾ ರೀ ಅದು."

"ನೀಲವ್ವನ ಸೆರಗು ಇದಕಿಂತ ಉದ್ದ ಐತಿ," ಎಂದರು ಅಜ್ಜಾರು.

ಅವನು ಒಮ್ಮೆ ನೀಲವ್ವನ ಕೊರಳು ನೋಡಿದ. ಆಮೇಲೆ ಹೊಳೆಯ ಕಡೆ ಓಡಿದ.

ಬೇಸಿಗೆಯ ಹೊಳೆ, ಮೆಟ್ಟಿಲ ಕೆಳಗೆ ಎದೆಮಟ್ಟ ನೀರು. ಮೊದಲ ಮುಳುಗಿಗೆ ಕಲ್ಲು ಸಿಕ್ಕಿತು. ಎರಡನೆಯದಕ್ಕೆ ಕೆಸರು. ಮೂರನೆಯದಕ್ಕೆ ಸವೆದ ಕಬ್ಬಿಣದ ಪಟ್ಟಿ ಕೈಗೆ ತಾಗಿತು. ಇಪ್ಪತ್ತು ವರ್ಷ ಒಂದು ಹೆಣ್ಣು ಕಾಲಿಟ್ಟ ತಗ್ಗು ಅದು ಎಂದು ಅವನ ಬೆರಳಿಗೆ ಆಗ ತಿಳಿಯಿತು.

ಗಾರ್ಡೇನೋ ಸಿಕ್ಕಿತು, ಅದರ ನಟ್ಟು ಬೋಲ್ಟುಗಳನ್ನು ಹೊಳೆಯೇ ಇಟ್ಟುಕೊಂಡಿತ್ತು. ಅಂಗಳಕ್ಕೆ ಬಂದು ನೋಡಿದರೆ, ಅಜ್ಜಾರು ಚಕ್ರದಿಂದ ಶಲ್ಯವನ್ನು ಬಿಡಿಸಿ, ಹಲ್ಲಿನಿಂದ ಕಚ್ಚಿ ಪಟ್ಟಿ ಪಟ್ಟಿಯಾಗಿ ಹರಿಯುತ್ತ ಕೂತಿದ್ದರು.

ರೇವಯ್ಯ ಮತ್ತೊಮ್ಮೆ ಬೆಚ್ಚಿದ. "ಇದ್ರಿಂದ ಕಟ್ಟೂದಾ ರೀ?"

"ಬ್ಯಾರೆ ಏನರ ಉಳಿಸೀಯೇನು?"

ಇಬ್ಬರೂ ಸೇರಿ ಗಾರ್ಡನ್ನು ಒಂಬತ್ತು ಕಡೆ ಬಿಗಿದು ಕಟ್ಟಿ, ಗಂಟಿನ ತುದಿಗಳನ್ನೆಲ್ಲ ಒಳಗೆ ಸಿಕ್ಕಿಸಿದರು. ಅಜ್ಜಾರು ಎರಡು ಕೈಯಿಂದ ಜಗ್ಗಿ ನೋಡಿದರು. ನೀಲವ್ವ ಪಟ್ಟಿಯ ಮೇಲೆ ಕಾಲಿಟ್ಟು, ದೇವರ ಹೆಸರು ಹೇಳಿ ಕೂತಳು.

ದಾರಿಯಲ್ಲಿ ಮೌನವ್ರತ ಮೊದಲ ಎಮ್ಮೆಗೇ ಮುರಿಯಿತು. ಹಾರ್ನಿಲ್ಲದ ರೇವಯ್ಯ "ಸರೀರಿ, ಸರೀರಿ" ಎಂದು ಸೇತುವೆಯವರೆಗೂ ಒದರಿದ.

ಅದಕ್ಕಿಂತ ದೊಡ್ಡ ಸಂಕಟ ಬೆನ್ನ ಹಿಂದಿನದು. ಪ್ರತಿ ತಗ್ಗಿಗೂ "ಯವ್ವಾ, ಹಿಂದ ಅದೀಯೇನ?" ಎಂದು ಕೇಳುತ್ತಲೇ ಇದ್ದ. ಸೇತುವೆ ದಾಟಿದ ಮೇಲೆ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದ. ಆಗಲೂ ಇಲ್ಲ.

ತಿರುಗಿ ನೋಡುವ ಧೈರ್ಯ ಬರಲಿಲ್ಲ. ಬ್ರೇಕು ಒತ್ತಿ, ಕಣ್ಣು ಮುಚ್ಚಿ ನಿಂತುಬಿಟ್ಟ.

"ಬಾಯಾಗ ಎಲಿ ಅಡಿಕಿ ಐತಿ ಸ್ವಾಮ್ಯಾರ," ಎಂದಿತು ಹಿಂದಿನ ದನಿ. "ಸುಮ್ನ ನಡೀರಿ."

ದವಾಖಾನೆಯ ಗಾಡಿ ಹಟ್ಟಿಗೆ ಬರುವ ಮೊದಲೇ ಕೂಸು ಬಂತು. ಹುಟ್ಟಿದಾಗ ಅದು ಅಳಲಿಲ್ಲ. ನೀಲವ್ವ ಅದರ ಬಾಯಿ ಒರೆಸಿ ಬೆನ್ನು ತಿಕ್ಕುತ್ತಿದ್ದಳು, ಹೊರಗೆ ರೇವಯ್ಯ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಗಾರ್ಡ್ ಹುಡುಕುತ್ತ ಹೊಳೆಯಲ್ಲಿ ಕಳೆದ ಕಾಲು ತಾಸು ಅವನ ತಲೆಯಲ್ಲಿ ತಿರುಗುತ್ತಿತ್ತು. ಆಮೇಲೆ ಒಳಗಿನಿಂದ ಒಂದು ಸಣ್ಣ ಅಳು ಕೇಳಿಸಿತು.

ತಾಯಿ, ಕೂಸು, ನೀಲವ್ವ ಮೂವರೂ ದವಾಖಾನೆಗೆ ಹೋದರು. ಸಂಜೆ ರೇವಯ್ಯ ಒಬ್ಬನೇ ಮಠಕ್ಕೆ ಮರಳಿದ. ಅಜ್ಜಾರು ಬರಿಮೈಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಒದರಿ ಒದರಿ ಬಿದ್ದುಹೋದ ದನಿಯಲ್ಲಿ ನಡೆದದ್ದನ್ನೆಲ್ಲ ಹೇಳಿ, ಅವರ ಕಾಲ ಬಳಿ ಕೂತ.

"ಬ್ಯಾಡಾದದ್ದು ಯಾವ್ದು ಅಂತ ನನಗ ಇನ್ನೂ ತಿಳೀವಲ್ದು ರೀ ಅಜ್ಜಾರ. ನಾಳಿಂದ ಗಾಡಿ ರಿಪೇರಿ ಶುರು ಮಾಡ್ತೀನಿ. ಮೊದಲ ಏನ್ ಮಾಡ್ಲಿ, ಹೇಳ್ರಿ."

ಅಜ್ಜಾರು ಬೈಕಿನ ಬೋಳು ಹ್ಯಾಂಡಲ್ಲನ್ನು ನೋಡಿದರು.

"ಕನ್ನಡಿ ಹಾಕ್ಸು," ಎಂದರು. "ಹಿಂದ ಯಾರು ಕುಂತಾರ ಅನ್ನೂದು ಕಾಣ್ಲಿ."