ಕಸಿಬೆಟ್ಟಕ್ಕೆ ಆ ಹೆಸರು ಬಂದದ್ದು

2018ರ ಫೆಬ್ರವರಿ 17, ಶನಿವಾರ. ಬೆಳಿಗ್ಗೆ ಎಂಟರವರೆಗೆ ಮಂಜು. ಆಮೇಲೆ ಒಣಗಾಳಿ, ತೆಳುವಾದ ಬಿಸಿಲು. ಅಂದು ನಾನು ಕಸಿಬೆಟ್ಟ ಹತ್ತಿದೆ. ರಸ್ತೆ ಮುಗಿಯುವಲ್ಲಿ ನೆಟ್ಟ ಫಲಕದ ಮೇಲೆ ‘ಕಾಶಿಬೆಟ್ಟ’ ಎಂದಿದೆ. ಬರೆದವರು ಊರಿನವರ ಉಚ್ಚಾರವೇ ತಪ್ಪೆಂದು ತಿದ್ದಿರಬೇಕು. ಬೆಟ್ಟದ ನೆತ್ತಿಯಲ್ಲಿ ಕಲ್ಲುಗೋಡೆಯ ಗಿಡ್ಡ ಮನೆಗಳ ಸಣ್ಣ ಊರು. ನಾನು ಕಂಡ ಹಿತ್ತಲುಗಳಲ್ಲೆಲ್ಲ ಒಂದೊಂದು ಚೆರ್ರಿ ಮರ. ಎಲೆಯಿಲ್ಲದ ಕೊಂಬೆಗಳ ತುಂಬ ಬಿಳಿ ಹೂ. ಊರಿನ ಹಳಬರು ಈ ಮರವನ್ನು ಚೆರ್ರಿ ಎನ್ನುವುದಿಲ್ಲ, ಅಲುಬಾಲು ಎನ್ನುತ್ತಾರೆ. ಪ್ರತಿ ಮರದ ಕಾಂಡದಲ್ಲಿ, ಮೊಣಕಾಲೆತ್ತರಕ್ಕೆ, ಒಂದು ದಪ್ಪ ಗಂಟು ಸುತ್ತುವರಿದಿರುತ್ತದೆ. ಹಿರಿಯರಾದ ಸಣ್ಣೀರೇಗೌಡರು ಮರದ ಬುಡಕ್ಕೆ ಗೊಬ್ಬರ ಹರಡುತ್ತಿದ್ದರು. ಫಲಕದ ಮಾತೆತ್ತಿದಾಗ ನಕ್ಕರು. “ಕಾಶಿಗೂ ನಮಗೂ ಏನ್ ನಂಟು ಸ್ವಾಮಿ? ನಮಗೆ ಸಂತೆಗೆ ಇಳಿದು ಹತ್ತೋದ್ರಲ್ಲೇ ಪುಣ್ಯ ಬಂದುಬಿಡುತ್ತೆ.” ಆಮೇಲೆ ಅವರು ಹೇಳಿದ್ದು ಇದು.

ಪಾಳೆಯಗಾರರ ಆಳ್ವಿಕೆಯಲ್ಲಿ ಬಡಗಣದಿಂದ ಬಂದ ಕುದುರೆ ವ್ಯಾಪಾರಿಯೊಬ್ಬ ಈ ಊರಿನಲ್ಲಿ ಜ್ವರದಿಂದ ಮಲಗಿದನಂತೆ. ದೇವೀರವ್ವ ಎಂಬ ವಿಧವೆ ಅವನಿಗೆ ಗಂಜಿ ಕಾಯಿಸಿ ಕೊಟ್ಟು ಉಳಿಸಿದಳು. ಹೊರಡುವಾಗ ಅವನು ತನ್ನ ನಾಡಿನ ಹಣ್ಣಿನ ಬೀಜಗಳನ್ನು ಅವಳ ಕೈಗಿಟ್ಟ. ಹಸಿ ಮರಳಿನಲ್ಲಿ ಹೂತು ಚಳಿಗಾಲವನ್ನೆಲ್ಲ ಕಳೆಸಿದ ಮೇಲೆ ಒಂದೇ ಒಂದು ಮೊಳೆಯಿತು. ಮಕ್ಕಳಿಲ್ಲದ ದೇವೀರವ್ವ ಆ ಗಿಡದ ಸ್ವಭಾವವನ್ನು ಮಗುವಿನ ಸ್ವಭಾವ ಕಲಿಯುವಂತೆ ಕಲಿತಳು. ಬುಡದಲ್ಲಿ ನೀರು ನಿಂತರೆ ಅದು ಸೊರಗುತ್ತಿತ್ತು. ಮಳೆಯಲ್ಲಿ ಕೊಂಬೆ ಕಡಿದರೆ ಗಾಯದಿಂದ ಅಂಟು ಸುರಿಯುತ್ತಿತ್ತು. ಹಾಗಾಗಿ ಕತ್ತಿ ಮುಟ್ಟಿಸುವುದು ಒಣ ದಿನಗಳಲ್ಲಿ ಮಾತ್ರ. ಹಣ್ಣು ಕೆಂಪಾಗುವ ಹೊತ್ತಿಗೆ ಪಿಕಳಾರ ಹಕ್ಕಿಗಳು ಮುತ್ತುತ್ತಿದ್ದವು, ಅವಳು ಹಳೆಯ ಸೀರೆಗಳನ್ನು ಮರಕ್ಕೆ ಹೊದಿಸುತ್ತಿದ್ದಳು. ಊರ ಹೆಂಗಸರು “ದೇವೀರಿ, ಮರಕ್ಕೆ ಸೀಮಂತವೇನೇ?” ಎಂದು ಹಂಗಿಸುತ್ತಿದ್ದರು, ಹಣ್ಣು ಬೇಕೆಂದು ಅವರೇ ಮೊದಲು ಸೆರಗೊಡ್ಡುತ್ತಿದ್ದರು.

ಹಣ್ಣಿನ ಸುದ್ದಿ ಬೆಟ್ಟ ಇಳಿಯಿತು. ಕೆಳಗಿನ ಬಯಲಿನ ಕೋಟೆಯಲ್ಲಿ ಸೂರಪ್ಪ ನಾಯಕ ಆಳುತ್ತಿದ್ದ. ಒಂದು ಬೊಗಸೆ ಹಣ್ಣು ತಿಂದ ಅವನು ತೋಟದ ಮೇಲ್ವಿಚಾರಕ ಹೊನ್ನಯ್ಯನನ್ನು ಕರೆದು, “ಆ ಮರ ಕಸಿ” ಎಂದ. ಅಷ್ಟೇ ಮಾತು. ಮಳೆಗಾಲ ಕಳೆದು ಪುಷ್ಯಮಾಸ ಬಂದಾಗ ಹೊನ್ನಯ್ಯ ಹಾರೆ, ಗುದ್ದಲಿಯ ಆಳುಗಳೊಂದಿಗೆ ಹಿತ್ತಲಿಗೆ ಬಂದು ನಿಂತ. ಇಷ್ಟು ದೊಡ್ಡ ಮರದ ಬೇರು ಅಗೆದರೆ ಅದು ಉಳಿಯುವುದಿಲ್ಲವೆಂದು ದೇವೀರವ್ವ ಹೇಳಿದಳು. ಅದು ಅವನಿಗೂ ಗೊತ್ತಿತ್ತು.

“ಒಣಗಿದ ಮರ ಒಯ್ದರೂ ನನ್ನ ತಲೆ ಹೋಗುತ್ತೆ, ಬರಿಗೈಯಲ್ಲಿ ಹೋದರೂ ಹೋಗುತ್ತೆ. ಇರೋದು ಒಂದೇ ತಲೆ, ತಾಯಿ.”

“ನಾಯಕರ ಬಾಯಲ್ಲಿ ಬಂದ ಮಾತೇನಣ್ಣಾ? ಹಾಗೇ ಹೇಳು.”

“ಆ ಮರ ಕಸಿ ಅಂದರು.”

“ಮತ್ತೆ ಕಸಿ ಮಾಡು. ಅಗೆ ಅಂತ ಹೇಳಿದರೇನು?”

ಆಳುಗಳು ನಕ್ಕುಬಿಟ್ಟರು. ಹೊನ್ನಯ್ಯ ನಗಲಿಲ್ಲ. ಹಾರೆಗಳನ್ನು ಬೇಲಿಯ ಆಚೆ ಇಡಿಸಿದ. ಕಾಡಿನಲ್ಲಿ ಅಲುಬಾಲುವಿನ ಬಳಗದ್ದೇ ಒಂದು ಹುಳಿಗಿಡವಿತ್ತು. ಅದರ ಸಸಿಗಳನ್ನು ಮಣ್ಣುಸಮೇತ ಎಬ್ಬಿಸಿ, ಕಾಂಡ ಸೀಳಿ, ದೇವೀರವ್ವನ ಮರದ ಕಡ್ಡಿಗಳನ್ನು ಕೂಡಿಸಿ ಕಟ್ಟಿದ. ದೇವೀರವ್ವ ಪಕ್ಕದಲ್ಲಿ ಕುಳಿತು ಆ ಕೆಲಸವನ್ನು ಕಣ್ಣಿನಲ್ಲೇ ಕಲಿತಳು. ತೊಗಟೆಗೆ ತೊಗಟೆ ಸೇರಬೇಕು, ಜೀವ ಹರಿಯುವುದು ಅಲ್ಲಿಯೇ ಎಂದು ಅವನು ಹೇಳಿಕೊಟ್ಟ.

ಕೋಟೆಯಲ್ಲಿ ಸಸಿಗಳು ಚಿಗುರಿದವು. ತನ್ನ ಮಾತು ಹೀಗೆ ತಿರುಗಿದ್ದನ್ನು ಕೇಳಿ ನಾಯಕ ಮೊದಲು ನಕ್ಕನಂತೆ. ಆದರೆ ಕೋಟೆಯ ಹೊರಗೆ ಯಾರಾದರೂ ಈ ಮರದ ಇನ್ನೊಂದು ಕಡ್ಡಿ ಕಟ್ಟಿದರೆ ಅವರ ಕೈ ಕಡಿಸುವುದಾಗಿ ಡಂಗುರ ಹೊಡೆಸಿದ. ವರ್ಷಗಳು ಕಳೆದವು. ಸಸಿಗಳು ಆಳೆತ್ತರ ಬೆಳೆದವು, ಎಲೆ ಬಿಟ್ಟವು, ಹೂ ಬಿಡಲಿಲ್ಲ. ಹೊನ್ನಯ್ಯ ಬುಡಕ್ಕೆ ತಣ್ಣೀರು ಹೊಯ್ಯಿಸಿದ, ನೆರಳು ಕಟ್ಟಿಸಿದ. ಬಯಲಿನ ಸೆಕೆಯಲ್ಲಿ ಆ ಮರಕ್ಕೆ ಚಳಿಯ ನಿದ್ದೆಯೇ ಬರಲಿಲ್ಲ. ನಾಯಕನ ನಗು ನಿಂತಿತು. ಒಂದು ಜ್ಯೇಷ್ಠದಲ್ಲಿ, ಮಳೆ ಹಿಡಿಯುವ ಮುನ್ನ, ಹೊನ್ನಯ್ಯ ಒಬ್ಬನೇ ಬೆಟ್ಟ ಹತ್ತಿ ಬಂದ. ಕಸಿಯಲ್ಲಿ ಸತ್ವವಿಲ್ಲ, ತಾಯಿಮರವನ್ನೇ ಕಿತ್ತು ತರಬೇಕೆಂದು ನಾಯಕರು ನಿಶ್ಚಯಿಸಿದ್ದಾರೆ, ಮುಂದಿನ ಹೂವಿನ ಕಾಲಕ್ಕೆ ಖುದ್ದು ಬರುತ್ತಾರೆ ಎಂದ. ದೇವೀರವ್ವ ಒಂದೇ ಪ್ರಶ್ನೆ ಕೇಳಿದಳು: ತಾಯಿಮರ, ಕಸಿಮರ ಎಂದು ಬೇರೆ ಮಾಡುವುದು ಹೇಗೆ? ಕಸಿ ಕಟ್ಟಿದ ಜಾಗ ಗಂಟಾಗಿ ಉಳಿಯುತ್ತದೆ, ಬೀಜದ ಮರಕ್ಕೆ ಗಂಟಿರುವುದಿಲ್ಲ ಎಂದು ಅವನು ಹೇಳಿ ಹೋದ.

ಫಾಲ್ಗುಣದಲ್ಲಿ ನಾಯಕ ಬಂದ. ಮರ ಮೈತುಂಬ ಹೂ ಬಿಟ್ಟಿತ್ತು. ಅಂಥ ಹೊತ್ತಿನಲ್ಲಿ ಬುಡ ಅಗೆದರೆ ಉಳಿಯುವ ಮಾತೇ ಇಲ್ಲ. ಊರಿನವರು ಬೇಲಿಯ ಸುತ್ತ ನಿಂತಿದ್ದರು. ದೇವೀರವ್ವ ಕೈಮುಗಿದು, “ಇದು ತಾಯಿಮರ ಅಲ್ಲ ಬುದ್ಧೀ. ತಾಯಿ ಆ ಕುದುರೆ ಸಾಬರ ನಾಡಲ್ಲಿದೆ. ಇದೂ ಕಸೀನೇ” ಎಂದಳು. ಬೀಜದಿಂದ ಮೊಳೆತದ್ದನ್ನು ಕಂಡ ಮುದುಕಿಯರು ಅಲ್ಲೇ ಇದ್ದರು; ಯಾರೂ ತುಟಿ ತೆರೆಯಲಿಲ್ಲ. ನಾಯಕ ಹೊನ್ನಯ್ಯನತ್ತ ತಿರುಗಿ, ಮುಟ್ಟಿ ನೋಡಿ ಹೇಳೆಂದ. ಸುಳ್ಳಾದರೆ ಇಬ್ಬರಿಗೂ ಅದೇ ಮರ, ಅದೇ ಹಗ್ಗ ಎಂದೂ ಸೇರಿಸಿದ. ಹೊನ್ನಯ್ಯ ಮಂಡಿಯೂರಿದ. ಬುಡಕ್ಕೆ ಸಗಣಿ, ಕೆಮ್ಮಣ್ಣಿನ ಲೇಪವಿತ್ತು. ಲೇಪದ ಮೇಲೆ ಅವನ ಬೆರಳು ಮೆಲ್ಲಗೆ ಹರಿದು, ಒಂದು ಕಡೆ ನಿಂತಿತು. ಲೇಪ ಕೆರೆದ. ತೊಗಟೆ ಉಬ್ಬಿ, ಕಾಂಡದ ಸುತ್ತಲೂ ಗಂಟು ಕಟ್ಟಿತ್ತು. ಅವನು ದೇವೀರವ್ವನ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. “ಕಸೀನೇ ಬುದ್ಧಿ” ಎಂದ.

ನಾಯಕ ತಾನೂ ಬಗ್ಗಿ ಗಂಟನ್ನು ಸವರಿ ನೋಡಿದ. “ಹಾಗಾದರೆ ನನ್ನ ಮರ ಯಾಕೆ ಬಂಜೆ?” ಎಂದ. “ಇಲ್ಲಿ ಚಳಿ ಇದೆ ಬುದ್ಧಿ” ಎಂದಳು ದೇವೀರವ್ವ. ಅವನು “ಚಳೀನ ಹೇಗೆ ಕಸಿಯೋದು?” ಎಂದು ಕುದುರೆ ಹತ್ತಿದ. ಡಂಗುರದ ಆಜ್ಞೆ ಏನಾಗಬೇಕೆಂದು ಹೊನ್ನಯ್ಯ ಕೇಳಿದಾಗ, ಯಾರಿಗೆ ಬೇಕೋ ಕಟ್ಟಿಕೊಳ್ಳಲಿ ಎಂದು ಹಿಂದೆ ನೋಡದೆ ಹೇಳಿ ಹೋದ. ಆ ಬೇಸಿಗೆಯಲ್ಲಿ ಮರ ಹಿಂದೆಂದೂ ಕಾಣದಷ್ಟು ಹಣ್ಣು ಬಿಟ್ಟಿತು. ಕೊಂಬೆಗಳಿಗೆ ಊರುಗೋಲು ಕೊಡಬೇಕಾಯಿತು. ದೇವಿಯೇ ಒಲಿದಳೆಂದು ಊರು ಸಂಭ್ರಮಿಸಿತು. ಹೊನ್ನಯ್ಯ ಬಂದವನು ಒಂದು ಹಣ್ಣನ್ನೂ ಮುಟ್ಟಲಿಲ್ಲ. ಮುಂದಿನ ಪುಷ್ಯದಲ್ಲಿ ಅವನೂ ದೇವೀರವ್ವನೂ ಕೂತು, ಆ ಮರದಲ್ಲಿದ್ದ ಒಳ್ಳೆಯ ಕಡ್ಡಿಗಳನ್ನೆಲ್ಲ ತೆಗೆದು, ಮನೆಮನೆಯ ಹಿತ್ತಲಿಗೂ ಕಸಿ ಕಟ್ಟಿ ಕೊಟ್ಟರು. ಅಂದಿನಿಂದ ಇದು ಕಸಿಬೆಟ್ಟವಾಯಿತು ಎನ್ನುತ್ತಾರೆ.

ಗೌಡರು ಇಷ್ಟಕ್ಕೆ ನಿಲ್ಲಿಸಿದರು. ಬೀಜದ ಮರಕ್ಕೆ ಗಂಟು ಬಂದದ್ದು ಹೇಗೆಂದು ನಾನು ಕೇಳಿದೆ. ಹೊನ್ನಯ್ಯ ಎಚ್ಚರಿಸಿ ಹೋದ ಮರುದಿನವೇ ಅವಳು ಕುಡುಗೋಲು ಹಿಡಿದು ಕಾಂಡದ ಸುತ್ತ ಬಳೆಯಂತೆ ತೊಗಟೆ ಸುಲಿದಳು, ಮೇಲೆ ಮಣ್ಣು ಮೆತ್ತಿದಳು ಎಂದರು. ಸುತ್ತಲೂ ತೊಗಟೆ ಹೋದ ಮರ ಸಾಯುವ ಮುನ್ನ ಒಮ್ಮೆ ಹೀಗೆ ಮೈತುಂಬ ಹಣ್ಣು ಬಿಡುತ್ತದೆ.

“ಅದು ಅವಳಿಗೆ ಗೊತ್ತಿತ್ತೇ?”

“ತೊಗಟೇಲೇ ಜೀವ ಅಂತ ಕಲಿತಿದ್ದವಳಲ್ಲವೇ” ಎಂದು ಅವರು ಗೊಬ್ಬರದ ಬುಟ್ಟಿ ಎತ್ತಿಕೊಂಡರು.

ದೇವೀರವ್ವನ ಹಿತ್ತಲನ್ನು ಇಂದಿಗೂ ತೋರಿಸುತ್ತಾರೆ. ಆ ಮರ ಒಣಗಿಹೋದ ಮೇಲೆ ಊರಿನಲ್ಲಿ ಅಲುಬಾಲು ಇಲ್ಲದ ಹಿತ್ತಲು ಅದೊಂದೇ. ಕಡ್ಡಿ ಹಂಚಿದ ದಿನ ಅವಳು ತನಗಾಗಿ ಒಂದನ್ನೂ ಕಟ್ಟಿಕೊಳ್ಳಲಿಲ್ಲವಂತೆ.