ಬಾಯಿ ತುಂಬ ನೀರು

ಹೊನ್ನಯ್ಯ ಎರಡು ವರ್ಷ ಕೂತು ಒಂದು ಓಲೆಗ್ರಂಥ ಬರೆದ. ಹೊಳೆ ದಾಟುವುದು ಹೇಗೆ ಅನ್ನುವುದೇ ಅದರ ವಿಷಯ. ಆಶ್ರಮದ ಮುಂದಿನ ಹೊಳೆಯನ್ನು ಅವನಷ್ಟು ಅಳೆದು ತಿಳಿದವರು ಇರಲಿಲ್ಲ, ಅದನ್ನು ಒಪ್ಪಲೇಬೇಕು.

ಗುರು ಮರುಳಯ್ಯನವರು ಗರಿಗಳನ್ನು ತಿರುವಿ ನೋಡಿದರು.

“ಯಾರಿಗೆ ಬರೆದೆಯಪ್ಪ ಇದನ್ನ?”

“ಎಲ್ಲರಿಗೂ, ಗುರುಗಳೇ.”

“ಯಾವ ಕಾಲಕ್ಕೆ?”

“ಎಲ್ಲ ಕಾಲಕ್ಕೂ.”

ಇಂಥವರಿಗೆ, ಇಂಥ ತಿಂಗಳಲ್ಲಿ ಮಾತ್ರ ಎಂದು ಬರೆದರೆ ಗ್ರಂಥದ ತೂಕ ಇಳಿದುಹೋಗುತ್ತದೆ ಎಂಬುದು ಅವನ ಎಣಿಕೆ. ಪಾಪ, ಮೊದಲ ಗ್ರಂಥ. ಯಾರಿಗಾದರೂ ಅನುಮಾನ ಬಂದರೆ ತಾನಿದ್ದೇನಲ್ಲ, ಬಿಡಿಸಿ ಹೇಳುತ್ತೇನೆ ಎಂದೂ ಸೇರಿಸಿದ.

ಗುರುಗಳು ನಕ್ಕು, ನಾಳೆ ಓದಿಸೋಣ ಅಂದರು.

ಆ ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಗ್ರಂಥವನ್ನು ದಾರಿಹೋಕನೊಬ್ಬನ ಕೈಗೆ ಕೊಡಬೇಕು. ಅವನು ಓದಿ, ಅದರಲ್ಲಿ ಹೇಳಿದಂತೆ ಮಾಡಿ ಮುಗಿಸುವವರೆಗೂ ಬರೆದವನು ಬಾಯಿ ತುಂಬ ನೀರು ಹಿಡಿದು ಕೂರಬೇಕು. ನುಂಗಬಾರದು, ಉಗುಳಬಾರದು. ತಪ್ಪಿದರೆ ಆ ಗ್ರಂಥ ಇದ್ದ ಹಾಗೇ ಆಶ್ರಮದ ಬಾಗಿಲು ದಾಟುವಂತಿಲ್ಲ.

ಮರುದಿನ ಬೆಳಿಗ್ಗೆ ಬಂದವನು ಬಳೆಗಾರ ಚಿಕ್ಕೀರಯ್ಯ. ಹೆಸರಿಗೆ ತಕ್ಕ ಆಳು, ಹೊನ್ನಯ್ಯನ ಎದೆಮಟ್ಟಕ್ಕೂ ಬಾರದವನು. ಆಚೆ ದಡದ ಮದುವೆಮನೆಗೆ ಬಳೆ ತೊಡಿಸಲು ಹೊರಟಿದ್ದ. ದೂರದವನು, ಈ ಹೊಳೆ ಅವನಿಗೆ ಹೊಸದು.

ಅವನು ಬೆರಳಿಟ್ಟು ನಿಧಾನವಾಗಿ, ಗಟ್ಟಿಯಾಗಿ ಓದಿದ. ಆಲದ ಮರದಿಂದ ಕರಿಬಂಡೆಯ ಕಡೆಗೆ ನೇರ ನಡೆಯಬೇಕು, ನೀರು ಮೊಣಕಾಲು ದಾಟುವುದಿಲ್ಲ ಎಂದು ಬರೆದಿತ್ತು. ಹೊನ್ನಯ್ಯ ಉಬ್ಬಿದ ಕೆನ್ನೆಯಲ್ಲೇ ತಲೆದೂಗಿದ. ತಾನು ಬರೆದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಎಷ್ಟು ಹಿತ.

ಚಿಕ್ಕೀರಯ್ಯ ಬಳೆಯ ಮಲಾರ ಹೆಗಲಿಗೇರಿಸಿದ, ಪಂಚೆ ಎತ್ತಿ ಕಟ್ಟಿದ, ಆಲದ ಮರದ ಹತ್ತಿರ ನೀರಿಗಿಳಿದ.

ಆಗ ಹೊನ್ನಯ್ಯನಿಗೆ ನೆನಪಾಯಿತು. ಅವನು ಹೊಳೆ ಅಳೆದದ್ದು ಬೇಸಿಗೆಯಲ್ಲಿ. ಅದೂ ತನ್ನ ಮೊಣಕಾಲಿನಿಂದ. ಈಗ ಶ್ರಾವಣ. ನೀರು ಮೇಲೆ ಸುಮ್ಮನಿದ್ದಂತೆ ಕಂಡರೂ ಕರಿಬಂಡೆಯ ಬಳಿ ಆಳು ಮುಳುಗುವಷ್ಟಿತ್ತು.

ಎದ್ದು ಕೈ ಬೀಸಿದ. ಬಳೆಗಾರ ತಿರುಗಿ ನೋಡಿ, ಹರಸುತ್ತಿದ್ದಾರೆ ಅಂದುಕೊಂಡು ಕೈಮುಗಿದು ಮುಂದೆ ನಡೆದ. ಬಾಯಿ ಬಿಟ್ಟರೆ ಎರಡು ವರ್ಷದ ದುಡಿಮೆ ಮಣ್ಣುಪಾಲು.

ನೀರು ಬಳೆಗಾರನ ಸೊಂಟಕ್ಕೆ ಬಂತು. ಹೊನ್ನಯ್ಯ ಬಾಯಲ್ಲಿದ್ದುದನ್ನು ಉಗಿದು ಕೂಗಿದ.

“ನಿಲ್ಲಿ ಅಣ್ಣ! ಅದು ಬೇಸಿಗೆಗೆ ಬರೆದದ್ದು, ನನ್ನಷ್ಟು ಎತ್ತರದವರಿಗೆ ಬರೆದದ್ದು. ಮಳೆಗಾಲದಲ್ಲಿ ಅಲ್ಲಿ ಇಳಿಯಬೇಡಿ!”

ಬಂಡೆಯ ಮರೆಯಿಂದ ಹರಿಗೋಲೊಂದು ಬಂತು. ಗುರುಗಳು ಮೊದಲೇ ಅಂಬಿಗನಿಗೆ ಹೇಳಿ ಅಲ್ಲಿ ನಿಲ್ಲಿಸಿದ್ದರು. ಚಿಕ್ಕೀರಯ್ಯ ಒಂದು ಬಳೆಯೂ ಒಡೆಯದಂತೆ ಆಚೆ ದಡ ಸೇರಿದ.

ಹೊನ್ನಯ್ಯ ಗ್ರಂಥವನ್ನು ತಂದು ಗುರುಗಳ ಮುಂದಿಟ್ಟ. ಇನ್ನು ಇದು ಹೊರಗೆ ಹೋಗುವುದಿಲ್ಲ ಎಂದೇ ಅವನು ಅಂದುಕೊಂಡಿದ್ದ. ಬೇಸರವಾಗಿತ್ತು. ಆದರೆ ಬಳೆಗಾರ ಉಳಿದನಲ್ಲ ಎಂದು ಸಂತೋಷವೂ ಆಗಿತ್ತು.

ಮರುಳಯ್ಯನವರು ದಾರ ಬಿಚ್ಚಿದರು. ಏನೂ ಬರೆಯದ ಗರಿಯೊಂದನ್ನು ಎಲ್ಲಕ್ಕಿಂತ ಮೇಲಿಟ್ಟು, ಓಲೆ ಕೊರೆಯುವ ಕಬ್ಬಿಣದ ಕಡ್ಡಿಯನ್ನು ಅವನ ಕೈಗೆ ಕೊಟ್ಟರು.

“ಈಗ ಕೂಗಿದೆಯಲ್ಲ, ಅದನ್ನ ಇಲ್ಲಿ ಬರಿ. ಆಮೇಲೆ ಇನ್ನೊಂದು ಸಲ ಬಾಯಿಗೆ ನೀರು ತುಂಬಿಕೊ.”