ಪಾತ್ರೆ ವ್ಯಾಪಾರಿಯ ಯುಪಿಎಸ್

"ಅಪ್ಪಾವರೆ, ನಮ್ಮ ಗ್ರಂಥಭಂಡಾರದ ಸರ್ವರ್‌ಗೆ ಯಾವ ಯುಪಿಎಸ್ ತರಲಿ?" ಎಂದು ಶಿಷ್ಯ ಕೇಳಿದ.

ಮಠದ ತಾಳೆಗರಿಗಳ ಚಿತ್ರ ತೆಗೆದು ಒಂದು ಗಣಕದಲ್ಲಿ ಇಟ್ಟಿದ್ದರು. ಅದನ್ನು ನೋಡಿಕೊಳ್ಳುವ ಹೊಣೆ ಅವನದು. ಕರೆಂಟು ಹೋದಾಗಲೆಲ್ಲ ಅದು ಆರಿಹೋಗುತ್ತಿತ್ತು. ಅವನು ಪೇಟೆಗೆ ಹೋಗಿ ವಿಚಾರಿಸಿ ಬಂದಿದ್ದ. ಚಿಕ್ಕದು ತಂದರೆ ಗಣಕವನ್ನು ಸರಿಯಾಗಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಆದರೆ ಮುಚ್ಚಲು ಯಾರಾದರೂ ಹತ್ತಿರ ಇರಬೇಕು. ದೊಡ್ಡದು ತಂದರೆ ಕರೆಂಟು ಬರುವ ತನಕ ತಾನಾಗಿಯೇ ನಡೆಯುತ್ತದೆ.

"ದೊಡ್ಡದೇ ಬೇಕು ಅನ್ನಿಸುತ್ತದೆ," ಎಂದ ಅವನು. "ಒಮ್ಮೆ ತಂದಿಟ್ಟರೆ ಆಯಿತು, ಯಾರೂ ಕಾಯಬೇಕಾಗಿಲ್ಲ. ನಿಶ್ಚಿಂತೆ."

"ನಿಶ್ಚಿಂತೆ ಪೇಟೆಯಲ್ಲಿ ಸಿಗುವುದಾದರೆ ನಾನೂ ಚೀಲ ಹಿಡಿದು ನಿನ್ನ ಹಿಂದೆ ಬರುತ್ತಿದ್ದೆ. ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೊಡ ತಟ್ಟಿ, ದನಿ ಕೇಳಿ, ಬೆಸುಗೆ ಎಲ್ಲಿ ಬಿಟ್ಟಿದೆ ಎಂದು ಹೇಳುವಂಥವನು. ತಾನು ಮೋಸ ಹೋಗುವವನಲ್ಲ ಎಂಬ ಹೆಮ್ಮೆ ಅವನಿಗಿತ್ತು. ಇದ್ದರೆ ತಪ್ಪೇನಲ್ಲ. ಅಂಗಡಿಯ ಬಾಗಿಲು ಹಾಕಿದ ಮೇಲೂ ಅದನ್ನು ಹೊತ್ತು ತಿರುಗುತ್ತಿದ್ದ, ಅಷ್ಟೇ.

ಅವನ ಹೆಂಡತಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು. ಕೆಮ್ಮು ಬಂದರೆ ಯಾರಾದರೂ ಎತ್ತಿ ಕೂರಿಸಬೇಕು, ಇಲ್ಲದಿದ್ದರೆ ಕಫ ಗಂಟಲಿಗೆ ಅಡರಿ ಉಸಿರು ಕಟ್ಟುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಅವನು ಅಂಗಡಿಗೆ ಹೋದಾಗ ಪಕ್ಕದ ಮನೆಯ ಶಾವಂತ್ರವ್ವ ಎಂಬ ವಿಧವೆ, ಗೋಡೆಯಾಚೆ ಕೆಮ್ಮು ಕೇಳಿದೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳು. ಎತ್ತಿ ಕೂರಿಸಿ, ಬೆನ್ನು ಸವರಿ, ಸ್ವಲ್ಪ ಹರಟಿ ಹೋಗುತ್ತಿದ್ದಳು. ಅವಳು ಬಂದು ಹೋದ ಮೇಲೆ ಸಕ್ಕರೆ ಡಬ್ಬಿ ಹಗುರಾಗುತ್ತದೆ ಎಂದು ವ್ಯಾಪಾರಿಗೆ ಅನುಮಾನ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಅವನು ಮನೆಯಲ್ಲಿ ಒಂದು ಸರ್ವರ್ ಇಟ್ಟ. ಹೆಂಡತಿಯ ಮಂಚದೆದುರು ಕ್ಯಾಮೆರಾ ಹಾಕಿಸಿದ. ಅವಳ ಆಡುವ ಕೈಯ ಹತ್ತಿರ ಕರೆಗಂಟೆಯ ಗುಂಡಿ ಇಡಿಸಿದ. ಚಿತ್ರವೂ ಗಂಟೆಯೂ ಸರ್ವರ್‌ಗೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿನ ಮೂಲಕ ಅಂಗಡಿಯಲ್ಲಿ ಅವನ ಮೊಬೈಲಿಗೆ ಬರುತ್ತಿದ್ದವು. ಶಾವಂತ್ರವ್ವನಿಗೆ, "ಇನ್ನ ನೀವು ತ್ರಾಸ ತಗೋಬ್ಯಾಡ್ರಿ, ನಾನ ನೋಡ್ಕೊಂತ ಇರ್ತೀನಿ," ಎಂದ. ಮಾತು ಮರ್ಯಾದೆಯದೇ. ಆದರೂ ಅವಳಿಗೆ ಅರ್ಥವಾಯಿತು.

ಉಳಿದದ್ದು ಕರೆಂಟಿನ ಚಿಂತೆ. ಯುಪಿಎಸ್ ಆರಿಸಲು ಅವನು ಅಂಗಡಿಯಿಂದ ಅಂಗಡಿಗೆ ಅಲೆದ. ಸರ್ವರ್ ಎಷ್ಟು ಎಳೆಯುತ್ತದೆ, ರೂಟರ್ ಎಷ್ಟು, ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ, ಎಲ್ಲ ಕೇಳಿದ. ಮಾರುವವನೊಬ್ಬ ದೊಡ್ಡದೊಂದನ್ನು ತೋರಿಸಿ, ಇದಕ್ಕೆ ಈ ಮೂರನ್ನು ಬಿಟ್ಟು ಬೇರೇನೂ ಜೋಡಿಸಬೇಡಿ, ಫ್ಯಾನು ಗೀನು ಹಾಕಿದರೆ ಬೇಗ ಇಳಿಯುತ್ತದೆ ಎಂದ. ವ್ಯಾಪಾರಿ ಅದನ್ನು ವೇದವಾಕ್ಯ ಮಾಡಿಕೊಂಡ. ಸಂಜೆ ಅವನು ಮನೆಗೆ ಬಂದ ಮೇಲೆ ಕರೆಂಟು ಹೋದಾಗ ಸರ್ವರಿನ ಒಳಗಿನ ಪುಟ್ಟ ಫ್ಯಾನು ತಿರುಗುತ್ತಿತ್ತು, ಹೆಂಡತಿಯ ತಲೆಯ ಮೇಲಿನ ಫ್ಯಾನು ನಿಲ್ಲುತ್ತಿತ್ತು. ಅವಳು ಬೆವರುತ್ತ, ಆ ಯಂತ್ರದ ಸದ್ದು ಕೇಳುತ್ತ ಮಲಗಿರುತ್ತಿದ್ದಳು. ಪಾಪ, ಒಂದು ದಿನವೂ ದೂರಲಿಲ್ಲ.

ತಟ್ಟಿ ನೋಡದೆ ಕೊಳ್ಳುವವನಲ್ಲವಲ್ಲ, ಅದನ್ನೂ ಪರೀಕ್ಷಿಸಿದ. ತಾನು ಅಂಗಡಿಯಲ್ಲಿ ಕೂತು, ಮನೆಯಲ್ಲಿ ವೈರಿಂಗ್‌ನವನಿಂದ ಮೇನ್ ಸ್ವಿಚ್ ತೆಗೆಸಿದ. ಮೊಬೈಲಿನಲ್ಲಿ ಚಿತ್ರ ಒಂದಿಷ್ಟೂ ಅಲುಗದೆ ಬಂತು. ತನ್ನ ಮನೆಯ ಕರೆಂಟು ತೆಗೆಯುವುದು ಬೇರೆ, ಓಣಿಯ ಕರೆಂಟು ಹೋಗುವುದು ಬೇರೆ ಎಂದು ಅವನಿಗೆ ಹೊಳೆಯಲಿಲ್ಲ.

ಯಾಕೆಂದರೆ, ಇಂಟರ್ನೆಟ್ ಎಳೆದುಕೊಟ್ಟ ಕೇಬಲ್‌ನವರು ಓಣಿಗೆಲ್ಲ ಇಂಟರ್ನೆಟ್ ಹಂಚುವ ಒಂದು ಡಬ್ಬಿಯನ್ನು ಶಾವಂತ್ರವ್ವನ ಗೋಡೆಗೆ ಹೊಡೆದಿದ್ದರು. ಅದಕ್ಕೆ ಬೇಕಾದ ಕರೆಂಟು ಅವಳ ಮನೆಯದೇ. ಒಂದು ದಿನ ಅವಳು ವ್ಯಾಪಾರಿಯ ಬಾಗಿಲಲ್ಲಿ ನಿಂತು ಕೇಳಿದಳು.

"ಅಣ್ಣಾರ, ಕರೆಂಟ್ ಹೋದ್ರ ನಮ್ಮ ಗ್ವಾಡಿ ಮ್ಯಾಲಿನ ಡಬ್ಬಿನೂ ಆರತೈತಿ, ಮನಿನೂ ಕತ್ತಲಾಗತೈತಿ. ನಿಮ್ಮ ಬ್ಯಾಟರಿಯಿಂದ ಒಂದು ವಾಯರ್ ಕೊಡ್ರಿ."

"ಅದು ಲೆಕ್ಕದ ಬ್ಯಾಟರಿ ಐತಿ ಯಕ್ಕಾ," ಎಂದ ವ್ಯಾಪಾರಿ. "ನಿಮ್ಮ ದೀಪ ಆ ಲೆಕ್ಕದಾಗ ಇಲ್ಲ."

ಬಿಟ್ಟಿ ದೀಪಕ್ಕೆ ಬಂದಿದ್ದಾಳೆ ಎಂದುಕೊಂಡ. ಡಬ್ಬಿಯ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅವಳು ಮತ್ತೆ ಕೇಳಲಿಲ್ಲ.

ಮದುವೆಯ ದಿನಗಳು ಬಂದವು. ಒಂದು ಬೆಳಿಗ್ಗೆ ಅಂಗಡಿಯ ತುಂಬ ಗಿರಾಕಿಗಳಿದ್ದಾಗ ಓಣಿಯ ಕರೆಂಟು ಹೋಯಿತು. ಗೋಡೆಯ ಡಬ್ಬಿ ಆರಿತು. ಅವನ ಮೊಬೈಲಿನಲ್ಲಿ ಚಿತ್ರ ನಿಂತಿತು. ಕಪ್ಪಾಗಿದ್ದರೆ ಎದ್ದು ಓಡುತ್ತಿದ್ದನೇನೋ. ಕಪ್ಪಾಗಲಿಲ್ಲ. ಕೊನೆಗೆ ಬಂದ ಚಿತ್ರವೇ ಹಾಗೇ ನಿಂತುಕೊಂಡಿತು: ಹೊದಿಕೆ ಎದೆಯ ತನಕ, ಕಣ್ಣು ಮುಚ್ಚಿ ಹೆಂಡತಿ ಮಲಗಿದ್ದಾಳೆ. ಅವನು ಬಿಂದಿಗೆ ತೂಗುತ್ತ ಒಮ್ಮೆ ನೋಡಿದ, ಮಲಗಿದ್ದಳು. ಚೌಕಾಸಿ ಮುಗಿಸಿ ಮತ್ತೆ ನೋಡಿದ, ಮಲಗಿದ್ದಳು. ಗಿರಾಕಿಯೊಬ್ಬನಿಗೆ ತೋರಿಸಿ, "ನೋಡ್ರಿ, ಎಷ್ಟ ಆರಾಮ ಮಲಗ್ಯಾಳ," ಎಂದ.

ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂದಿತ್ತು. ಗುಂಡಿ ಒತ್ತಿದಳು. ಗಂಟೆ ಸರ್ವರಿನ ತನಕ ಹೋಗಿ ಅಲ್ಲಿಯೇ ಉಳಿಯಿತು. ಗೋಡೆಯಾಚೆ ಶಾವಂತ್ರವ್ವನಿಗೆ ಕೆಮ್ಮು ಕೇಳಿಸಿತು. ಎದ್ದಳು, ಹೊಸ್ತಿಲ ತನಕ ಬಂದಳು. ತ್ರಾಸ ತಗೋಬ್ಯಾಡ್ರಿ ಎಂದಿದ್ದು ನೆನಪಾಯಿತು. ಅವನು ನೋಡುತ್ತಿರುತ್ತಾನೆ, ಇಷ್ಟೊತ್ತಿಗೆ ಹೊರಟಿರುತ್ತಾನೆ, ನಾನು ಹೋಗಿ ಕ್ಯಾಮೆರಾದಲ್ಲಿ ಬಿದ್ದರೆ ಏನಂದುಕೊಂಡಾನು ಎಂದು ಒಳಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ಸದ್ಯ, ಬಂದನಲ್ಲ ಎಂದುಕೊಂಡಳು.

ವ್ಯಾಪಾರಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅವನ ಯಂತ್ರಗಳ ಹಸಿರು ದೀಪಗಳು ಒಂದೂ ಆರದೆ ಉರಿಯುತ್ತಿದ್ದವು. ಬ್ಯಾಟರಿ ಅರ್ಧವೂ ಇಳಿದಿರಲಿಲ್ಲ. ಹೆಂಡತಿಯ ಮೈ ತಣ್ಣಗಾಗಿತ್ತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅವನು ಸರ್ವರಿನಲ್ಲಿ ಆ ಬೆಳಗನ್ನು ತೆಗೆದು ನೋಡಿದ. ಒಂದು ಕ್ಷಣವೂ ನಷ್ಟವಾಗಿರಲಿಲ್ಲ. ಕೈ ಗುಂಡಿಗೆ ಹೋಗುವುದು, ಜಾರುವುದು, ಮತ್ತೆ ಹೋಗುವುದು, ಎಲ್ಲ ಇತ್ತು. ಕೊನೆಯ ತನಕ ಅವಳು ಕ್ಯಾಮೆರಾವನ್ನೇ ನೋಡುತ್ತಿದ್ದಳು. ಅಲ್ಲಿ ಗಂಡ ಇದ್ದಾನೆ ಎಂದೇ ಅವಳು ನಂಬಿದ್ದಳು.

ಗುರುಗಳು ಕತೆ ಮುಗಿಸಿದರು.

"ಗೋಡೆಯ ಡಬ್ಬಿಗೂ ಒಂದು ಬ್ಯಾಟರಿ ಇಟ್ಟಿದ್ದರೆ ಅವಳು ಉಳಿಯುತ್ತಿದ್ದಳು, ಅಲ್ಲವೇ ಅಪ್ಪಾವರೆ?" ಎಂದು ಶಿಷ್ಯ ಕೇಳಿದ.

"ಅವನಿಗೂ ಹಾಗೇ ತೋಚಿತು, ಇಟ್ಟ," ಎಂದರು ಗುರುಗಳು. "ಈಗ ಓಣಿಯ ಕರೆಂಟೆಲ್ಲ ಹೋದರೂ, ಅಂಗಡಿಯಲ್ಲಿ ಕೂತವನಿಗೆ ಆ ಖಾಲಿ ಮಂಚ ಎಡೆಬಿಡದೆ ಕಾಣುತ್ತದೆ."